ಆನ್‌ಲೈನ್ ಕಿರುಕುಳಕ್ಕೆ ರಾಜ್ಯದ ಕಾನೂನು ಬೇಕೆಂದರೆ: ಕಲಬುರಗಿ, ಬೀದರ್, ಯಾದಗಿರಿಯವರು ಶುರು ಮಾಡಬೇಕಾದ ಬಗೆ

ಮೊಬೈಲಿಗೆ ಬಂದ ಹೊಲಸು ಸಂದೇಶಕ್ಕೆ, ಬೆದರಿಕೆಗೆ, ಕದ್ದು ಹಂಚಿದ ಫೋಟೊಗೆ ನಮ್ಮ ಭಾಗದಲ್ಲಿ ಮೊದಲು ಶಿಕ್ಷೆ ಅನುಭವಿಸುವವಳು ಅದನ್ನು ಪಡೆದ ಹುಡುಗಿ. ಮೊಬೈಲ್ ಕಸಿದುಕೊಳ್ಳುತ್ತಾರೆ, ಹಾಸ್ಟೆಲ್ ಬಿಡಿಸುತ್ತಾರೆ, ವರ ಹುಡುಕಲು ಶುರು ಮಾಡುತ್ತಾರೆ. ಆಳಂದ, ಔರಾದ, ಸುರಪುರದ ಕಡೆಯ ಹಳ್ಳಿಗಳಿಂದ ಬಂದು ಪದವಿ ಓದುವ ಎಷ್ಟೋ ಹುಡುಗಿಯರು ಕಿರುಕುಳವನ್ನು ಮನೆಯಲ್ಲಿ ಹೇಳದೆ ನುಂಗಿಕೊಳ್ಳುವುದು ಇದೇ ಕಾರಣಕ್ಕೆ. ಕಳುಹಿಸಿದವನು ಮಾತ್ರ ಹೊಸ ಸಿಮ್ ಹಾಕಿಕೊಂಡು ಮತ್ತೆ ಶುರು ಮಾಡುತ್ತಾನೆ.

ಇದಕ್ಕೆ ರಾಜ್ಯದ್ದೇ ಆದ ಒಂದು ಕಾನೂನು ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ‘ಕಠಿಣ ಕಾನೂನು ತನ್ನಿ’ ಎಂದು ಮನವಿ ಕೊಟ್ಟು ಫೋಟೊ ತೆಗೆಸಿಕೊಂಡರೆ ಅದು ಬರುವುದಿಲ್ಲ. ಅವಸರದಲ್ಲಿ ಬಂದರೂ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಈಗಿರುವ ಕಾನೂನು ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಕಾಗದದ ಮೇಲೆ ತೋರಿಸಬೇಕು. ಆ ಕಾಗದಗಳನ್ನು ಒಟ್ಟುಮಾಡುವ ಮತ್ತು ಬೇಡಿಕೆಯನ್ನು ಬರೆಯುವ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ.

ಹಂತ 1: ಇರುವ ಕಾನೂನನ್ನು ತಿಳಿದುಕೊಳ್ಳಿ

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ ಕಲಂ 78ರ ಪ್ರಕಾರ, ಒಲ್ಲೆ ಎಂದ ಹೆಣ್ಣುಮಗಳನ್ನು ಪದೇ ಪದೇ ಸಂಪರ್ಕಿಸುವುದು, ಅವಳ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಅಪರಾಧ. ಮೊದಲ ಬಾರಿಗೆ 3 ವರ್ಷದವರೆಗೆ, ಮರುಕಳಿಸಿದರೆ 5 ವರ್ಷದವರೆಗೆ ಜೈಲು. ಕಲಂ 75 ಲೈಂಗಿಕ ಕಿರುಕುಳಕ್ಕೆ, 77 ಖಾಸಗಿ ಕ್ಷಣಗಳನ್ನು ಕದ್ದು ನೋಡುವುದಕ್ಕೆ, ಚಿತ್ರೀಕರಿಸಿ ಹಂಚುವುದಕ್ಕೆ, 79 ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು ಮತ್ತು ಸನ್ನೆಗಳಿಗೆ. ಫೋಟೊ ಇಟ್ಟುಕೊಂಡು ಹಣ ಕೇಳಿದರೆ ಅದು ಸುಲಿಗೆ, ಕಲಂ 308. ಬೆದರಿಕೆಗೆ 351, ಹೆಸರು ಮುಚ್ಚಿಟ್ಟುಕೊಂಡು ಬೆದರಿಸಿದರೆ ಇನ್ನೂ 2 ವರ್ಷದವರೆಗೆ ಹೆಚ್ಚುವರಿ ಶಿಕ್ಷೆ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 66ಸಿ ಮತ್ತು 66ಡಿ ಬೇರೆಯವರ ಗುರುತು ಕದಿಯುವುದಕ್ಕೆ, ಸೋಗು ಹಾಕಿ ವಂಚಿಸುವುದಕ್ಕೆ. 66ಇ ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದಕ್ಕೆ, ಹಂಚುವುದಕ್ಕೆ. 67 ಮತ್ತು 67ಎ ಅಶ್ಲೀಲ ಸಾಮಗ್ರಿಗೆ. ಸಂತ್ರಸ್ತರು 18 ತುಂಬದವರಾದರೆ 67ಬಿ ಜೊತೆಗೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯೂ ಬರುತ್ತದೆ, ಗಂಡುಮಗುವಾಗಲಿ ಹೆಣ್ಣುಮಗುವಾಗಲಿ. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಕಣ್ಣೆದುರು ಜಾತಿ ಹಿಡಿದು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಗುಂಪಿನಲ್ಲಿ ಅಂಥ ಸಂದೇಶ ಬಂದಾಗ ದೂರಿನಲ್ಲಿ ಈ ಕಾಯ್ದೆಯ ಹೆಸರನ್ನು ತಪ್ಪದೆ ಬರೆಯಿರಿ.

ಇಷ್ಟು ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಕಿಲ್ಲ. ನಡೆದದ್ದನ್ನು ಸರಿಯಾಗಿ ಬರೆದುಕೊಟ್ಟರೆ ಕಲಂ ಹಾಕುವುದು ಪೊಲೀಸರ ಕೆಲಸ.

ಹಂತ 2: ಅಳಿಸಬೇಡಿ, ಬರೆದಿಡಿ

ಎಲ್ಲರೂ ಮುಗ್ಗರಿಸುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಸಹ್ಯವೆನಿಸಿ ಸಂದೇಶ ಅಳಿಸುತ್ತಾರೆ, ಖಾತೆಯನ್ನೇ ಮುಚ್ಚುತ್ತಾರೆ, ಅಣ್ಣನೋ ಅಪ್ಪನೋ ಮೊಬೈಲನ್ನು ನೆಲಕ್ಕೆ ಬಡಿಯುತ್ತಾರೆ. ಅಲ್ಲಿಗೆ ಸಾಕ್ಷ್ಯ ಹೋಯಿತು.

ಸ್ಕ್ರೀನ್‌ಶಾಟ್ ತೆಗೆಯುವಾಗ ಕಳುಹಿಸಿದವರ ನಂಬರ್, ದಿನಾಂಕ, ಸಮಯ ಕಾಣಬೇಕು. ನೀವು ಸೇವ್ ಮಾಡಿಕೊಂಡ ಹೆಸರು ಸಾಲದು. ಪ್ರೊಫೈಲ್ ತೆರೆದು ನಂಬರ್ ಕಾಣುವಂತೆ ಇನ್ನೊಂದು ಚಿತ್ರ ತೆಗೆಯಿರಿ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಖಾತೆಯ ಹೆಸರನ್ನು ಅವರು ಯಾವಾಗ ಬೇಕಾದರೂ ಬದಲಿಸಬಹುದು, ಆದ್ದರಿಂದ ಪ್ರೊಫೈಲಿನ ಲಿಂಕನ್ನೂ ನಕಲು ಮಾಡಿಡಿ. ತಾನಾಗಿ ಮಾಯವಾಗುವ ಸಂದೇಶಗಳ ಸೌಲಭ್ಯ ಚಾಲೂ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ವಾಟ್ಸ್ಆ್ಯಪ್ ಸಂಭಾಷಣೆಯನ್ನು ಪೂರ್ತಿಯಾಗಿ ಹೊರತೆಗೆದು ಇಮೇಲಿಗೆ ಕಳುಹಿಸಿಕೊಳ್ಳಿ. ಮೂಲ ಮೊಬೈಲನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಸ್ಕ್ರೀನ್‌ಶಾಟಿನಂಥ ಪ್ರತಿಗಳ ಜೊತೆ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಮೂಲ ಉಪಕರಣ ಕೈಯಲ್ಲಿದ್ದರೆ ಆ ಕೆಲಸ ಸಲೀಸು.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಕಿರುಕುಳದ ಸಂದೇಶ ಒಂದೇ ಭಾಷೆಯಲ್ಲಿ ಬರುವುದಿಲ್ಲ. ಕಲಬುರಗಿಯಲ್ಲಿ ಅರ್ಧ ದಖ್ಖನಿ, ಬೀದರಿನ ಗಡಿಯಲ್ಲಿ ಮರಾಠಿ, ಗುರುಮಠಕಲ್ ಕಡೆ ತೆಲುಗು, ಮತ್ತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಅಧಿಕಾರಿಗೆ ಅದರಲ್ಲಿ ಬೆದರಿಕೆ ಎಲ್ಲಿದೆ ಎಂಬುದೇ ಹೊಳೆಯದಿರಬಹುದು. ಸಂದೇಶವನ್ನು ಇದ್ದ ಹಾಗೆಯೇ ಇಟ್ಟು, ಪಕ್ಕದಲ್ಲಿ ಅದರ ಅರ್ಥವನ್ನು ಸರಳ ಕನ್ನಡದಲ್ಲಿ ಬರೆಯಿರಿ. ಧ್ವನಿ ಸಂದೇಶವಾದರೆ ಮಾತನ್ನು ಅಕ್ಷರಕ್ಕಿಳಿಸಿ. ಬೈಗುಳ ಬರೆಯಲು ಕೈ ಬರದಿದ್ದರೆ ನಂಬಿಕೆಯವರಿಂದ ಬರೆಸಿ, ಆದರೆ ಮೃದು ಮಾಡಬೇಡಿ. ‘ಅಸಭ್ಯವಾಗಿ ಬೈದಿದ್ದಾನೆ’ ಎಂಬ ವಾಕ್ಯದಿಂದ ಯಾವ ಕಲಮೂ ಹುಟ್ಟುವುದಿಲ್ಲ, ಬೈದ ಮಾತಿನಿಂದ ಹುಟ್ಟುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ದಿನಚರಿ ಇಡಿ. ಒಂದೊಂದು ಘಟನೆಗೆ ಒಂದೊಂದು ಸಾಲು, ಮಾದರಿಗೆ ಹೀಗೆ: ‘12ನೇ ತಾರೀಖು, ರಾತ್ರಿ 11.40, ಇನ್‌ಸ್ಟಾಗ್ರಾಮ್, ಹೊಸ ಖಾತೆ, ಧ್ವನಿ ಸಂದೇಶ. ಮಾತು: ನಿನ್ನ ಹಾಸ್ಟೆಲ್ ಗೇಟಿನ ಮುಂದೆಯೇ ನಿಂತಿದ್ದೇನೆ, ಹೊರಗೆ ಬಾ. ಕೇಳಿಸಿಕೊಂಡವರು: ಕೋಣೆಯ ಇಬ್ಬರು ಗೆಳತಿಯರು. ಮರುದಿನ ಪರೀಕ್ಷೆಗೆ ಹೋಗಲಿಲ್ಲ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಕಿರುಕುಳದಿಂದ ಏನು ನಷ್ಟವಾಯಿತು ಎಂಬುದು ಮುಂದೆ ದೂರಿಗೂ ಬೇಕು, ಕಾನೂನಿನ ಬೇಡಿಕೆಗೂ ಬೇಕು.

‘ಇನ್ನು ಮುಂದೆ ನನಗೆ ಸಂದೇಶ ಕಳುಹಿಸಬೇಡಿ’ ಎಂದು ಒಂದೇ ಒಂದು ಸಲ ಬರೆಯಿರಿ. ಮೂಲ ಮೊಬೈಲಿನಲ್ಲಿ ಎಲ್ಲವನ್ನೂ ಉಳಿಸಿಕೊಂಡ ಮೇಲೆ ಬ್ಲಾಕ್ ಮಾಡಿ. ತಿರುಗಿ ಬೈಯಲು ಹೋಗಬೇಡಿ. ನಿಮ್ಮ ಮಾತನ್ನಷ್ಟೇ ಕತ್ತರಿಸಿ ಅವರು ಊರಿಗೆಲ್ಲ ಹಂಚುತ್ತಾರೆ.

ಹಂತ 3: ದೂರು ಕೊಡಿ, ಹಿಂಬರಹ ಪಡೆಯಿರಿ

ಮೂರೂ ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿವೆ. ಸೈಬರ್ ಅಪರಾಧ ಅವುಗಳ ಮುಖ್ಯ ಕೆಲಸಗಳಲ್ಲಿ ಒಂದು. ಕಲಬುರಗಿ ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಗೆ ಬರುತ್ತದೆ, ಉಳಿದ ತಾಲ್ಲೂಕುಗಳು ಎಸ್‌ಪಿ ವ್ಯಾಪ್ತಿಗೆ. ಚಿಂಚೋಳಿಯವರೋ ಹುಣಸಗಿಯವರೋ ಜಿಲ್ಲಾ ಕೇಂದ್ರದವರೆಗೆ ಬರಲಾಗದಿದ್ದರೆ ಹತ್ತಿರದ ಠಾಣೆಯಲ್ಲೇ ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಸಂಜ್ಞೇಯ ಅಪರಾಧದ (ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದ ಅಪರಾಧ) ಮಾಹಿತಿಯನ್ನು, ಅದು ಎಲ್ಲೇ ನಡೆದಿರಲಿ, ಠಾಣೆ ದಾಖಲಿಸಿಕೊಳ್ಳಬೇಕು. ಐಟಿ ಕಾಯ್ದೆಯ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ ಎಂಬುದು ನಿಜ, ಆದರೆ ಅದು ದೂರು ತೆಗೆದುಕೊಳ್ಳದಿರಲು ಕಾರಣವಲ್ಲ. ಕಲಂ 75ರಿಂದ 79ರವರೆಗಿನ ಅಪರಾಧಗಳ ಬಗ್ಗೆ ಹೆಣ್ಣುಮಗಳು ಹೇಳಿಕೆ ಕೊಡುವಾಗ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ. ಸಾಕ್ಷಿ ಹೇಳಲು ಕರೆಸುವಾಗ ಹೆಣ್ಣುಮಕ್ಕಳನ್ನು ಅವರು ವಾಸವಿರುವ ಸ್ಥಳ ಬಿಟ್ಟು ಬೇರೆಡೆ ಬರಲೇಬೇಕು ಎಂದು ಒತ್ತಾಯಿಸುವಂತಿಲ್ಲ.

ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿಯೂ ದೂರು ದಾಖಲಿಸಬಹುದು. ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಅಶ್ಲೀಲ ಸಾಮಗ್ರಿಯ ಬಗ್ಗೆ ಹೆಸರು ಹೇಳದೆಯೂ ಕೊಡಬಹುದು. ಪೋರ್ಟಲಿನ ಸ್ವೀಕೃತಿ ಸಂಖ್ಯೆಯೇ ಎಫ್‌ಐಆರ್ ಅಲ್ಲ, ಅದನ್ನು ಹಿಡಿದು ಠಾಣೆಯಲ್ಲಿ ವಿಚಾರಿಸಬೇಕು. ಹಣ ಹೋಗಿದ್ದರೆ ಒಂದು ನಿಮಿಷವೂ ತಡಮಾಡದೆ 1930ಕ್ಕೆ ಕರೆ ಮಾಡಿ. ತುರ್ತು ಅಪಾಯವಿದ್ದರೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕರ್ತವ್ಯ. ಅದರ ಸಹಾಯವಾಣಿ 15100.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿಗೆ, ನಗರದಲ್ಲಾದರೆ ಆಯುಕ್ತರಿಗೆ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಕೋರ್ಟಿಗೆ ಹೋಗಿ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಎದ್ದು ಬರಬೇಡಿ. ಎನ್‌ಸಿ (ಅಸಂಜ್ಞೇಯ ದೂರಿನ ನೋಂದಣಿ) ನಂಬರ್ ಕೇಳಿ, ಲಿಖಿತ ಹಿಂಬರಹ, ಅಂದರೆ ದೂರಿಗೆ ಠಾಣೆ ಬರೆದುಕೊಡುವ ಉತ್ತರ, ಕೇಳಿ. ಈ ಹಿಂಬರಹಕ್ಕೆ ಮುಂದೆ ಬಹಳ ಬೆಲೆಯಿದೆ.

ಹಂತ 4: ತೂತು ಎಲ್ಲಿದೆ ನೋಡಿ

ಕಲಂ 78 ಕಾಪಾಡುವುದು ಹೆಣ್ಣುಮಕ್ಕಳನ್ನು ಮಾತ್ರ. ಶಹಾಪುರದ ಒಬ್ಬ ಹುಡುಗನನ್ನು ಯಾರೋ ವರ್ಷಗಟ್ಟಲೆ ಸುಳ್ಳು ಖಾತೆಗಳಿಂದ ಕಾಡಿದರೆ ಅವನಿಗೆ ಆ ಕಲಂ ಇಲ್ಲ. ಅಶ್ಲೀಲವೂ ಅಲ್ಲದ, ನೇರ ಬೆದರಿಕೆಯೂ ಅಲ್ಲದ, ಆದರೆ ದಿನಕ್ಕೆ ಇಪ್ಪತ್ತು ಸಲ ಬರುವ ಹೀಯಾಳಿಕೆಗೆ ಸರಿಹೊಂದುವ ಕಲಂ ಹುಡುಕುವುದೇ ಕಷ್ಟ. ಕೆಣಕುವ ಅವಮಾನದ ಕಲಂ 352 ಅಸಂಜ್ಞೇಯ, 351ರ ಬೆದರಿಕೆಯೂ ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಮಾನಹಾನಿಗೆ ಕಲಂ 356 ಇದೆ, ಆದರೆ ವಕೀಲರನ್ನು ಹಿಡಿದು ನ್ಯಾಯಾಲಯದಲ್ಲಿ ಖಾಸಗಿ ದೂರು ಹೂಡಬೇಕು. ಕೂಲಿ ಬಿಟ್ಟು ಬರುವವರಿಗೆ ಆ ದಾರಿ ತೆರೆದಿದ್ದೂ ಮುಚ್ಚಿದಂತೆ.

ಗುಂಪು ದಾಳಿಯದು ಇನ್ನೊಂದು ಸಮಸ್ಯೆ. ಐವತ್ತು ಜನ ತಲಾ ಒಂದೊಂದೇ ಸಂದೇಶ ಕಳುಹಿಸಿದರೆ ಒಬ್ಬೊಬ್ಬನ ಲೆಕ್ಕದಲ್ಲಿ ‘ಪದೇ ಪದೇ’ ಎಂಬುದು ಬರುವುದಿಲ್ಲ. ಪಡೆದವರಿಗೆ ಮಾತ್ರ ಅದು ಐವತ್ತು ಸಂದೇಶ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ತೂತು.

ಹಂತ 5: ರಾಜ್ಯಕ್ಕೆ ಅಧಿಕಾರ ಎಷ್ಟಿದೆ ಎಂಬುದನ್ನು ಅರಿತುಕೊಳ್ಳಿ

ಅಪರಾಧ ಕಾನೂನು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡಕ್ಕೂ ಅಧಿಕಾರವಿರುವ ವಿಷಯಗಳ ಪಟ್ಟಿಯಲ್ಲಿ, ಹಾಗಾಗಿ ವಿಧಾನಮಂಡಲ ಕಾನೂನು ಮಾಡಬಹುದು. ಕೇಂದ್ರದ ಕಾನೂನಿಗೆ ಅದು ಎದುರು ಬಿದ್ದರೆ 254(2)ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳ ಅಂಕಿತ ಬೇಕು. ಛತ್ತೀಸಗಡ ಇದೇ ದಾರಿಯಲ್ಲಿ ಐಪಿಸಿಗೆ 509ಬಿ ಎಂಬ ಕಲಂ ಸೇರಿಸಿ ವಿದ್ಯುನ್ಮಾನ ಮಾಧ್ಯಮದ ಲೈಂಗಿಕ ಕಿರುಕುಳವನ್ನು ಪ್ರತ್ಯೇಕ ಅಪರಾಧ ಮಾಡಿತ್ತು. ಆಂಧ್ರಪ್ರದೇಶದ ಶಾಸನಸಭೆ 2019ರಲ್ಲಿ ದಿಶಾ ಮಸೂದೆಯನ್ನು, ಮಹಾರಾಷ್ಟ್ರದ್ದು 2021ರಲ್ಲಿ ಶಕ್ತಿ ಮಸೂದೆಯನ್ನು ಅಂಗೀಕರಿಸಿದವು. ಎರಡರಲ್ಲೂ ಆನ್‌ಲೈನ್ ಕಿರುಕುಳಕ್ಕೆ ಶಿಕ್ಷೆಯಿತ್ತು, ಎರಡಕ್ಕೂ ಅಂಕಿತ ಸಿಗಲಿಲ್ಲ. ಸಾಮೂಹಿಕ ಅತ್ಯಾಚಾರದಿಂದ ಹಿಡಿದು ತನಿಖೆಯ ಗಡುವಿನವರೆಗೆ ಎಲ್ಲವನ್ನೂ ಒಂದೇ ಮಸೂದೆಗೆ ತುಂಬಬಾರದು ಎಂಬುದು ಅದರಿಂದ ನಾನು ಕಲಿತ ಪಾಠ. ನಾವು ಕೇಳುವುದು ಚಿಕ್ಕದಿರಲಿ, ಒಂದೇ ವಿಷಯದ್ದಿರಲಿ.

ಪದಗಳು ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಮಾಡಿತು. ‘ಕಿರಿಕಿರಿ’, ‘ಅನಾನುಕೂಲ’ ಎಂಬಂಥ ಪದಗಳಿಗೆ ಎಲ್ಲೆಯೇ ಇರಲಿಲ್ಲ. ಅದೇ ತೀರ್ಪಿನಲ್ಲಿ ಕೇರಳ ಪೊಲೀಸ್ ಕಾಯ್ದೆಯ 118(ಡಿ) ಕೂಡ ಬಿತ್ತು. ಕೇರಳ 2020ರ ನವೆಂಬರಿನಲ್ಲಿ 118ಎ ಎಂಬ ಸುಗ್ರೀವಾಜ್ಞೆ ತಂದು, ಟೀಕೆ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಿತು. ನಮ್ಮಲ್ಲೂ ಆನ್‌ಲೈನ್ ಆಟಗಳ ಮೇಲೆ 2021ರಲ್ಲಿ ತಂದ ಪೊಲೀಸ್ ಕಾಯ್ದೆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಮಾಡಿದೆ.

ಹಂತ 6: ಬೇಡಿಕೆಯನ್ನು ಕಾನೂನಿನ ಭಾಷೆಗೆ ಹತ್ತಿರವಾಗಿ ಬರೆಯಿರಿ

ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ‘ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಗುರಿಮಾಡಿ, ಬೇಡವೆಂದು ತಿಳಿಸಿದ ಮೇಲೂ, ಎರಡು ಅಥವಾ ಅದಕ್ಕಿಂತ ಹೆಚ್ಚು ಬಾರಿ, ತಾನೇ ಆಗಲಿ ಇತರರೊಡನೆ ಮಾತಾಡಿಕೊಂಡೇ ಆಗಲಿ, ವಿದ್ಯುನ್ಮಾನ ಮಾಧ್ಯಮದ ಮೂಲಕ ಸಂದೇಶ, ಚಿತ್ರ ಅಥವಾ ಖಾಸಗಿ ವಿವರಗಳನ್ನು ಕಳುಹಿಸಿ ಅಥವಾ ಹರಡಿ, ಆ ವ್ಯಕ್ತಿಗೆ ತನ್ನ ಇಲ್ಲವೇ ತನ್ನ ಮನೆಯವರ ಸುರಕ್ಷತೆಯ ಬಗ್ಗೆ ಭಯ ಹುಟ್ಟಿಸಬೇಕೆಂಬ ಅಥವಾ ಓದು, ದುಡಿಮೆ, ನಿತ್ಯದ ಬದುಕು ನಿಲ್ಲುವಷ್ಟು ಹಿಂಸೆ ಕೊಡಬೇಕೆಂಬ ಉದ್ದೇಶದಿಂದ ವರ್ತಿಸುವುದು ಅಪರಾಧ.’

ಇದರಲ್ಲಿ ‘ನಿರ್ದಿಷ್ಟ ವ್ಯಕ್ತಿ’ ಎಂಬುದನ್ನು ತೆಗೆದರೆ ಸಾಮಾನ್ಯ ಟೀಕೆಯೂ ಅಪರಾಧವಾಗುತ್ತದೆ. ‘ಇತರರೊಡನೆ ಮಾತಾಡಿಕೊಂಡು’ ಎಂಬುದು ಗುಂಪು ದಾಳಿಯ ತೂತಿಗೆ ಹಾಕಿದ ಬೆಣೆ. ‘ವ್ಯಕ್ತಿ’ ಎಂದರೆ ಹೆಣ್ಣು, ಗಂಡು, ಲೈಂಗಿಕ ಅಲ್ಪಸಂಖ್ಯಾತರು ಎಲ್ಲರೂ. ಒಪ್ಪಿಗೆಯಿಲ್ಲದೆ ತಿರುಚಿದ ನಗ್ನ ಚಿತ್ರವನ್ನು ಹರಡುವುದಕ್ಕೆ ಮಾತ್ರ ಎರಡನೇ ಬಾರಿಯವರೆಗೆ ಕಾಯಬಾರದು, ಮೊದಲನೆಯದೇ ಸಾಕು ಎಂದು ಬೇರೆ ವಾಕ್ಯದಲ್ಲಿ ಸೇರಿಸಿ.

ವಿನಾಯಿತಿಯ ಕಲಂ ಇಲ್ಲದೆ ಈ ಕಾನೂನನ್ನು ಕೇಳಲೇಬೇಡಿ. ಗ್ರಾಮ ಪಂಚಾಯಿತಿಯ ನರೇಗಾ ಬಿಲ್ಲಿನ ಬಗ್ಗೆ, ಕಳಪೆ ರಸ್ತೆಯ ಬಗ್ಗೆ ಫೇಸ್‌ಬುಕ್ಕಿನಲ್ಲಿ ಮೂರು ಸಲ ಬರೆದ ಹುಡುಗನ ಮೇಲೆ ಅಧ್ಯಕ್ಷರು ಇದೇ ಕಲಮಿನಡಿ ದೂರು ಕೊಡುವ ದಿನ ಬಂದೇ ಬರುತ್ತದೆ. ಹೊಸ ಕಾನೂನನ್ನು ಮೊದಲು ಕೈಗೆತ್ತಿಕೊಳ್ಳುವವರು ಬಲವಿದ್ದವರು. ಆದ್ದರಿಂದ ಸಾರ್ವಜನಿಕ ಹುದ್ದೆಯಲ್ಲಿರುವವರ ಕೆಲಸದ ಟೀಕೆ, ಪತ್ರಿಕಾ ವರದಿ, ವ್ಯಂಗ್ಯಚಿತ್ರ, ಮಾಹಿತಿ ಹಕ್ಕಿನ ಅರ್ಜಿ, ದೌರ್ಜನ್ಯಕ್ಕೆ ಒಳಗಾದವರು ತಮ್ಮ ಅನುಭವ ಹೇಳಿಕೊಳ್ಳುವುದು, ಇವು ಅಪರಾಧವಲ್ಲ ಎಂದು ಮಸೂದೆಯಲ್ಲೇ ಇರಬೇಕು.

ಜೈಲಿಗಿಂತ ಮೊದಲು ಸಂತ್ರಸ್ತರಿಗೆ ಬೇಕಿರುವುದು ಕಾಟ ನಿಲ್ಲುವುದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಕಲಂ 18ರಡಿ ಮ್ಯಾಜಿಸ್ಟ್ರೇಟರು ಫೋನಿನಲ್ಲಾಗಲಿ ವಿದ್ಯುನ್ಮಾನ ಮಾಧ್ಯಮದಲ್ಲಾಗಲಿ ಸಂಪರ್ಕಿಸಕೂಡದು ಎಂದು ರಕ್ಷಣಾ ಆದೇಶ ಹೊರಡಿಸಬಹುದು. ಅದು ಮನೆಯೊಳಗಿನ ಸಂಬಂಧಗಳಿಗೆ ಸೀಮಿತ. ಅಂಥದೇ ಆದೇಶ, ಅಪರಿಚಿತ ಕಿರುಕುಳಗಾರನ ಮೇಲೂ, ದಿನಗಳ ಲೆಕ್ಕದಲ್ಲಿ ಸಿಗಬೇಕು ಎಂದು ಕೇಳಿ. ಸಂತ್ರಸ್ತರ ಹೆಸರು ಹೊರಬರಬಾರದು, ಅಪರಾಧ ಸಂಜ್ಞೇಯವಾಗಿರಬೇಕು, ಆರೋಪಿ 18ರೊಳಗಿನವನಾದರೆ ಬಾಲನ್ಯಾಯ ಮಂಡಳಿಯ ಮುಂದೆ ಹೋಗಬೇಕು ಎಂಬುದನ್ನೂ ಸೇರಿಸಿ.

ಹಂತ 7: ಅಂಕಿಅಂಶ ತರಿಸಿಕೊಳ್ಳಿ

ಎಸ್‌ಪಿ ಕಚೇರಿಯ ಮಾಹಿತಿ ಅಧಿಕಾರಿಗೆ ಆರ್‌ಟಿಐ ಅರ್ಜಿ ಹಾಕಿ. ಕಳೆದ ಮೂರು ವರ್ಷಗಳಲ್ಲಿ ಆನ್‌ಲೈನ್ ಕಿರುಕುಳದ ದೂರುಗಳೆಷ್ಟು, ಎಫ್‌ಐಆರ್ ಎಷ್ಟು, ಎನ್‌ಸಿ ಎಷ್ಟು, ದೋಷಾರೋಪ ಪಟ್ಟಿ ಎಷ್ಟು, ಇಷ್ಟೇ ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗಿರಬೇಕು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ, ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಹಂತ 8: ಸರಿಯಾದವರ ಕೈಗೆ ಕೊಡಿ

ಕಲಬುರಗಿ ಜಿಲ್ಲೆಯಲ್ಲಿ 9, ಬೀದರಿನಲ್ಲಿ 6, ಯಾದಗಿರಿಯಲ್ಲಿ 4, ಒಟ್ಟು 19 ವಿಧಾನಸಭಾ ಕ್ಷೇತ್ರಗಳಿವೆ. 224 ಸದಸ್ಯರ ಸದನದಲ್ಲಿ 19 ಜನ ಒಂದೇ ವಿಷಯ ಎತ್ತಿದರೆ ಗೃಹ ಇಲಾಖೆ ಕಿವಿಗೊಡಲೇಬೇಕಾಗುತ್ತದೆ. ಪದವೀಧರರಾಗಿದ್ದರೆ, ಶಿಕ್ಷಕರಾಗಿದ್ದರೆ ವಿಧಾನ ಪರಿಷತ್ತಿನ ಈಶಾನ್ಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರದ ಸದಸ್ಯರನ್ನು ಮರೆಯಬೇಡಿ. ವಿದ್ಯಾರ್ಥಿಗಳ ವಿಷಯ ಅವರಿಗೆ ಹತ್ತಿರದ್ದು.

ಮನವಿ ಎರಡು ಪುಟ ಮೀರಬಾರದು. ಮೊದಲ ಪುಟದಲ್ಲಿ ತೂತುಗಳು ಮತ್ತು ಆರ್‌ಟಿಐ ಅಂಕಿಗಳು, ಎರಡನೆಯದರಲ್ಲಿ ಕಲಮಿನ ಕರಡು. ಹಿಂಬರಹಗಳ ಪ್ರತಿಗಳನ್ನು ಲಗತ್ತಿಸಿ, ಆದರೆ ಸಂತ್ರಸ್ತರ ಹೆಸರು, ಊರು, ನಂಬರ್ ಎಲ್ಲವನ್ನೂ ಕಪ್ಪು ಮಾಡಿ, ಅದೂ ಅವರ ಒಪ್ಪಿಗೆ ಪಡೆದ ಮೇಲೆಯೇ. ಒಂದು ಪ್ರತಿಯನ್ನು ಗೃಹ ಇಲಾಖೆಗೆ, ಒಂದನ್ನು ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಇಲಾಖೆಗೆ, ಒಂದನ್ನು ರಾಜ್ಯ ಮಹಿಳಾ ಆಯೋಗಕ್ಕೆ ಕಳುಹಿಸಿ. ಸಭೆ, ಸಮಾರಂಭದ ಗದ್ದಲದಲ್ಲಿ ಶಾಸಕರ ಕೈಗೆ ತುರುಕಬೇಡಿ. ಅವರ ಕಚೇರಿಗೆ ಹೋಗಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ.

‘ಗಮನ ಹರಿಸಿ’ ಎಂದು ಬೇಡಿಕೊಳ್ಳುವುದರ ಬದಲು ನಿರ್ದಿಷ್ಟವಾಗಿ ಮೂರು ಕೇಳಿ: ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಉತ್ತರಿಸಬೇಕಾದದ್ದು), ಸದನದ ಅರ್ಜಿಗಳ ಸಮಿತಿಗೆ ಸಲ್ಲಿಸುವ ಅರ್ಜಿಗೆ ಅವರ ಬೆಂಬಲ, ಸರ್ಕಾರ ಮುಂದೆ ಬರದಿದ್ದರೆ ಖಾಸಗಿ ಸದಸ್ಯರ ಮಸೂದೆ. ಮಂತ್ರಿಯಲ್ಲದ ಯಾವ ಶಾಸಕರೂ ಖಾಸಗಿ ಮಸೂದೆ ಮಂಡಿಸಬಹುದು. ಅದು ಅಂಗೀಕಾರವಾಗುವುದು ಅಪರೂಪ, ಆದರೂ ಚರ್ಚೆ ಕಡತಕ್ಕೆ ಸೇರುತ್ತದೆ, ಸರ್ಕಾರ ತನ್ನ ನಿಲುವು ಹೇಳಬೇಕಾಗುತ್ತದೆ.

ಪ್ರಶ್ನೆಗೆ ಬರುವ ಮೊದಲ ಉತ್ತರ ಬಹುಮಟ್ಟಿಗೆ ‘ಈಗಿರುವ ಕಾನೂನುಗಳು ಸಾಕಾಗಿವೆ’ ಎಂದೇ ಇರುತ್ತದೆ. ಆ ಉತ್ತರದ ಪ್ರತಿಯನ್ನು ಶಾಸಕರ ಕಚೇರಿಯಿಂದ ಪಡೆಯಿರಿ. ಅದರ ಹಿಂದೆ ನೀವು ಕೂಡಿಟ್ಟ ಎನ್‌ಸಿ ಹಿಂಬರಹಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಪಕ್ಕದಲ್ಲಿ ಯಾವ ಕಲಂ ಯಾಕೆ ಅನ್ವಯಿಸಲಿಲ್ಲ ಎಂದು ಒಂದೊಂದು ವಾಕ್ಯ ಬರೆದು, ಅದೇ ಇಲಾಖೆಗೆ ಮತ್ತೆ ಕಳುಹಿಸಿ.